ನಿಂಗೆ ಅಂದಳಾ, ನಿಮಗೆ ಅಂದಳಾ

ಏಣಿಯ ಆರನೇ ಮೆಟ್ಟಿಲನ್ನು ಕನ್ನಡಕದ ಅಂಗಡಿಯವನು ತುಳಿಯಲಿಲ್ಲ.

ಐದರ ಮೇಲೆ ಬಲಗಾಲಿಟ್ಟವನು ಕೆಳಗೆ ನೋಡಲೂ ಇಲ್ಲ, ತಡವರಿಸಲೂ ಇಲ್ಲ. ಕಂಬಿಯನ್ನು ಬಿಗಿಯಾಗಿ ಹಿಡಿದು ಮೈಯನ್ನು ಮೇಲೆಳೆದುಕೊಂಡು ಎಡಗಾಲನ್ನು ಸೀದಾ ಏಳರ ಮೇಲಿಟ್ಟ. ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ.

ಕೆಳಗೆ ನಿಂತಿದ್ದ ಇನ್‌ಸ್ಪೆಕ್ಟರಮ್ಮ ಅದನ್ನು ನೋಡಿದರು. ನೋಡಿಯೂ ನೋಡದವರಂತೆ ಸೆರಗಿಲ್ಲದ ಖಾಕಿ ಹೆಗಲನ್ನು ಒಮ್ಮೆ ಒರೆಸಿಕೊಂಡು, ತಾವೂ ಹತ್ತತೊಡಗಿದರು. ಆರನೆಯದಕ್ಕೆ ಬಂದಾಗ ಬೇಕೆಂದೇ ಬೂಟಿನ ತುದಿ ಇಟ್ಟು ಸ್ವಲ್ಪ ಒತ್ತಿದರು. ಮೆಟ್ಟಿಲು ಎಡಕ್ಕೆ ವಾಲಿ ಕಿರ್ರೆಂದಿತು.

ಮೇಲಿಂದ ಆತ ಬಗ್ಗಿ ನೋಡಿದ. "ಹುಷಾರು ಮೇಡಂ."

"ಹುಷಾರಾಗೇ ಇದೀನಿ," ಎಂದರು ಅವರು.

ಹದಿಮೂರು ದಿನದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಈತನ ಹೆಂಡತಿ ಈ ಗುಡ್ಡದ ತುದಿಯಿಂದ ಕೆರೆಗೆ ಬಿದ್ದು ಸತ್ತಿದ್ದಳು. ಅಂದು ಠಾಣೆಯಲ್ಲಿ ಆತ ಬರೆಸಿದ ಹೇಳಿಕೆ ಒಂದೂವರೆ ಪುಟ. ಎತ್ತರಕ್ಕೆ ಹೋದರೆ ನನಗೆ ತಲೆಸುತ್ತು. ಅರ್ಧ ದಾರಿಯಲ್ಲಿ, ಏಣಿಗೂ ಕೆಳಗಿರುವ ತಗಡಿನ ಶೆಡ್ಡಿನವರೆಗೆ ಜೊತೆಗೆ ಬಂದೆ. ಅಲ್ಲಿಂದ ಅವಳೊಬ್ಬಳೇ ಹೋದಳು. ಶೆಡ್ಡು ದಾಟಿ ಒಂದು ಹೆಜ್ಜೆಯನ್ನೂ ನಾನು ಇಟ್ಟಿಲ್ಲ. ಯಾವ ಸದ್ದೂ ಕೇಳಿಸಲಿಲ್ಲ. ತಾಸು ಕಳೆದರೂ ಬಾರದಿದ್ದಾಗ ಕೆಳಗೋಡಿ ಗೇಟಿನವರಿಗೆ ಹೇಳಿದೆ.

ಇವತ್ತು ಬೆಳಿಗ್ಗೆ ಸ್ಥಳ ತೋರಿಸಲೆಂದು ಆತನನ್ನೂ ಜೊತೆಗೊಬ್ಬ ಪೇದೆಯನ್ನೂ ಕರೆತಂದಾಗ, ಆ ಗೇಟಿನ ಮುದುಕ ಇನ್‌ಸ್ಪೆಕ್ಟರಮ್ಮನನ್ನು ಪಕ್ಕಕ್ಕೆ ಕರೆದಿದ್ದ. ಕನ್ನಡಕದವನು ಆಗ ದೂರದಲ್ಲಿ ಶೂ ದಾರ ಕಟ್ಟಿಕೊಳ್ಳುತ್ತಿದ್ದ.

"ಅಮ್ಮಾ, ಏಣಿಯ ಆರನೇದು ತುಳೀಬೇಡಿ. ಒಂದು ಕಡೆ ವೆಲ್ಡಿಂಗ್ ಬಿಟ್ಟಿದೆ. ನೋಡೋಕೆ ಗಟ್ಟಿ ಕಾಣುತ್ತೆ, ಕಾಲಿಟ್ರೆ ವಾಲುತ್ತೆ."

"ಎಷ್ಟು ದಿನದಿಂದ?"

"ಏಣಿ ಹಾಕಿದ್ದೇ ಒಂದು ತಿಂಗಳ ಹಿಂದೆ. ಇದು ನನಗೂ ಗೊತ್ತಾಗಿದ್ದು ಆ ಹೆಣ್ಣುಮಗಳು ಬಿದ್ದ ಮಾರನೇ ದಿನ, ನಿಮ್ಮ ಪೇದೆ ಹತ್ತುವಾಗ. ಅವತ್ತಿಂದ ದಾರಿ ಬಂದ್ ಮಾಡಿದೀವಿ. ಒಂದು ನರಪಿಳ್ಳೆಯೂ ಮೇಲೆ ಹೋಗಿಲ್ಲ."

ಹಾಗಾದರೆ ಶೆಡ್ಡು ದಾಟದ ಮನುಷ್ಯನ ಕಾಲಿಗೆ ಆರನೇ ಮೆಟ್ಟಿಲಿನ ಗುಟ್ಟು ಯಾರು ಹೇಳಿಕೊಟ್ಟರು?

ಇನ್‌ಸ್ಪೆಕ್ಟರಮ್ಮ ತಕ್ಷಣ ಕೇಳಲಿಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಅವರನ್ನು ಬಸವನಹುಳು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಐವತ್ತನಾಲ್ಕು ವರ್ಷ, ಎರಡೂ ಮಂಡಿ ಸವೆದಿವೆ, ಯಾವ ಮಾತನ್ನೂ ಆಡುವ ಮೊದಲು ಒಂದು ಸುತ್ತು ತಿರುಗಿ ಬರುವ ಸ್ವಭಾವ. ಸಾಹೇಬರು ಈ ಫೈಲನ್ನು ಕಾಲು ಜಾರಿದ ಪ್ರಕರಣ ಎಂದು ಮುಚ್ಚುವುದರಲ್ಲಿದ್ದರು. ಸತ್ತವಳ ಅಕ್ಕ ಬಂದು ಮೇಜಿನ ಮುಂದೆ ಕೂತು, "ನನ್ನ ತಂಗಿ ಗಂಡನೇ ತಳ್ಳಿದ್ದು, ಬರ್ಕೊಳ್ಳಿ" ಎಂದು ಹಟ ಹಿಡಿಯದಿದ್ದರೆ ಅದು ಇಷ್ಟೊತ್ತಿಗೆ ಕಪಾಟು ಸೇರುತ್ತಿತ್ತು.

ಏಣಿಯ ಮೇಲೆ ದಾರಿ ಬರೀ ಬಂಡೆ. ಅಲ್ಲಲ್ಲಿ ಬಿಳಿ ಬಣ್ಣದ ಬಾಣದ ಗುರುತು. ಎರಡು ಕಡೆಯೂ ಮೊಣಕಾಲೆತ್ತರದ ಮುಳ್ಳುಪೊದೆ. ಗಾಳಿಗೆ ಅವು ಒಂದೇ ಕಡೆ ಬಾಗಿ ಬೆಳೆದಿದ್ದವು.

"ತಲೆಸುತ್ತು ಹೇಗಿದೆ?" ಎಂದು ಕೇಳಿದರು.

"ಕಾಲ ಕೆಳಗೆ ಮಾತ್ರ ನೋಡ್ಕೊಂಡು ಹೋದ್ರೆ ಪರವಾಗಿಲ್ಲ."

"ಅವತ್ತೂ ಹಾಗೇ ಮಾಡ್ಬಹುದಿತ್ತಲ್ಲ."

ಆತ ಮುಂದಿನ ಬಾಣದ ಗುರುತಿನತ್ತ ಹೆಜ್ಜೆ ಹಾಕಿದ. ನಲವತ್ತರ ಮನುಷ್ಯ, ತೆಳ್ಳನೆಯ ಕುತ್ತಿಗೆ, ನೀಟಾಗಿ ಕತ್ತರಿಸಿದ ಉಗುರು. ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣಿನೊಳಗೆ ದೀಪ ಬಿಟ್ಟು ನೋಡುವ ಕೆಲಸ. ಇನ್ನೊಬ್ಬರು ತನ್ನ ಕಣ್ಣನ್ನು ನೋಡಿದರೆ ಮಾತ್ರ ಬೇರೆ ಕಡೆ ತಿರುಗುತ್ತಿದ್ದ. ಹದಿಮೂರು ದಿನದಲ್ಲಿ ಅವನ ಅಂಗಿಯ ಕಾಲರು ಒಂದು ಅಳತೆ ದೊಡ್ಡದಾದಂತಿತ್ತು.

ತುದಿಗೆ ಬಂದಾಗ ಒಂಬತ್ತೂವರೆ.

ಬಂಡೆಯ ನೆತ್ತಿಯನ್ನು ಸಮ ಮಾಡಿ ಸಿಮೆಂಟು ಹಾಕಿದ್ದರು. ಎರಡು ಕಲ್ಲುಬೆಂಚು. ಕೆರೆಯ ಕಡೆ ಮೊಣಕಾಲಿನಷ್ಟು ಎತ್ತರದ ಗೋಡೆ, ಅದರ ಮೇಲೆ ಎರಡು ಸಾಲು ಕಬ್ಬಿಣದ ಕಂಬಿ. ಎಡ ಮೂಲೆಯಲ್ಲಿ ಕಂಬಿ ಮುಗಿದು ಒಂದು ಮಾರು ಜಾಗ ಖಾಲಿ ಇತ್ತು. ಅಲ್ಲಿ ಕೆಲಸ ಅರ್ಧಕ್ಕೆ ನಿಂತಿತ್ತು. ಪೊಲೀಸರು ಕಟ್ಟಿದ್ದ ಹಳದಿ ಪಟ್ಟಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ಪಕ್ಕದಲ್ಲೇ, ಪೊದೆಯ ಸಂದಿಯಲ್ಲಿ, ಇನ್ನೊಂದು ಸಣ್ಣ ಕಾಲುದಾರಿ ಕೆಳಗಿಳಿದು ದೋಣಿ ಕಟ್ಟೆಯ ಕಡೆ ಹೋಗಿತ್ತು. ಆ ದಾರಿಗೆ ಗೇಟೂ ಇಲ್ಲ, ಕಾವಲೂ ಇಲ್ಲ.

ಇನ್‌ಸ್ಪೆಕ್ಟರಮ್ಮ ಕೆರೆಯನ್ನು ನೋಡಿದರು. ನೋಡುತ್ತಾ ನಿಂತುಬಿಟ್ಟರು.

ಇಡೀ ಊರು ಕುಡಿಯುವ ನೀರು ಅದು. ದಡದಲ್ಲಿ ನಿಂತರೆ ಕಾಣುವುದು ಬರೀ ಹೊಳಪು. ಇಲ್ಲಿಂದ ತಳದ ಬಣ್ಣವೇ ಕಾಣುತ್ತಿತ್ತು. ಹತ್ತಿರ ಹಸಿರು, ನಡುವೆ ಬೂದು. ಆಚೆ ದಡದಿಂದ ಮಾತ್ರ ಒಂದು ಕಡು ನೇರಳೆ ಗೆರೆ ಹೊರಟು, ನೀರಿನಲ್ಲಿ ಬಿಟ್ಟ ಶಾಯಿಯಂತೆ ಅಗಲವಾಗುತ್ತಾ, ಪಂಪ್‌ಹೌಸಿನ ಗೋಪುರದ ಕಡೆ ಹರಿದಿತ್ತು.

ಆಚೆ ದಡದಲ್ಲಿ ಇದ್ದದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ.

ಸತ್ತವಳು ಕುಡಿಯುವ ನೀರಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ವಾರಕ್ಕೆರಡು ಸಲ ಹಳದಿ ದೋಣಿಯಲ್ಲಿ ಹೋಗಿ ಬಾಟಲಿಯಲ್ಲಿ ನೀರು ಹಿಡಿದು ತಂದು ಪರೀಕ್ಷಿಸುವುದು. ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಚೌಕದೊಳಗೆ 'ಮೇಲಿಂದ ನೋಡಬೇಕು, ಗಾಳಿ ಏಳುವ ಮುಂಚೆ' ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಹತ್ತು ದಿನದಿಂದ ಇನ್‌ಸ್ಪೆಕ್ಟರಮ್ಮನಿಗೆ ಆ ಸಾಲಿನ ತಲೆಬುಡ ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು. ತುದಿಯಲ್ಲಿ ಗಾಳಿಯಿದ್ದರೂ ಕೆಳಗೆ ನೀರು ಇನ್ನೂ ಅಲುಗಿರಲಿಲ್ಲ. ಅಲ್ಲೂ ಗಾಳಿ ಎದ್ದು ಅಲೆ ಬಂದರೆ ಆ ಗೆರೆ ಚದುರಿಹೋಗುತ್ತದೆ. ಕಾಣಬೇಕಾದರೆ ಇಲ್ಲಿಂದಲೇ, ಇಷ್ಟೊತ್ತಿಗೇ.

ಅವಳು ಗಾಳಿ ಸೇವನೆಗೆ ಬಂದವಳಲ್ಲ. ಸಾಕ್ಷಿ ನೋಡಲು ಬಂದವಳು.

ಮತ್ತೆ ಆ ಬಣ್ಣದ ಕಾರ್ಖಾನೆಯ ಮೇಲ್ವಿಚಾರಕಿ ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಕ್ಕ. ಠಾಣೆಯಲ್ಲಿ ಕೂತು ಅತ್ತ ಅದೇ ಅಕ್ಕ.

"ಅದೇನು ಗೊತ್ತಾ ನಿಮಗೆ?" ಇನ್‌ಸ್ಪೆಕ್ಟರಮ್ಮ ನೇರಳೆ ಗೆರೆಯ ಕಡೆ ಬೆರಳು ಮಾಡಿದರು.

ಆತ ಗೋಡೆಯಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತಿದ್ದ. "ಮೋಡದ ನೆರಳಿರಬೇಕು."

"ಆಕಾಶದಲ್ಲಿ ಮೋಡ ಇಲ್ಲ."

"ನಂಗೇನು ಗೊತ್ತು ಮೇಡಂ. ಅವಳ ಕೆಲಸದ ವಿಷಯ ಅವಳು ಮನೇಲಿ ಆಡ್ತಿರಲಿಲ್ಲ."

"ಕೆಲಸದ ವಿಷಯ ಅಂತ ನಾನು ಹೇಳ್ಲಿಲ್ಲವಲ್ಲ?"

ಆತ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸುವುದಕ್ಕೆ ಅದರ ಮೇಲೆ ಏನೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡಿಕೊಂಡರು. ಏಣಿಯ ಕಡೆಗೆ ತಿರುಗಿ, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಎದೆಯ ಉಸಿರನ್ನೆಲ್ಲ ಸೇರಿಸಿ ಒಮ್ಮೆ ಕೂಗಿದರು. ಮಾತಲ್ಲ, ಬರೀ ಕೂಗು. ಬಂಡೆಗೆ ಬಡಿದು ಅದು ಕೆಳಗುರುಳಿತು.

ಕನ್ನಡಕದವನು ಬೆಚ್ಚಿಬಿದ್ದ. "ಯಾಕೆ ಮೇಡಂ?"

"ಸ್ವಲ್ಪ ತಾಳಿ."

ಎರಡು ಕ್ಷಣ ಗಾಳಿಯ ಸದ್ದು ಮಾತ್ರ. ಆಮೇಲೆ ಕೆಳಗಿನಿಂದ ಪೊಲೀಸ್ ಸೀಟಿ ಉದ್ದಕ್ಕೆ ಒಮ್ಮೆ ಕೇಳಿಸಿತು.

"ನಮ್ಮ ಪೇದೆ," ಎಂದರು ಇನ್‌ಸ್ಪೆಕ್ಟರಮ್ಮ, ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ. "ಬರುವಾಗ ಅವರನ್ನ ಶೆಡ್ಡಿನಲ್ಲಿ ಬಿಟ್ಟು ಬಂದ್ವಲ್ಲ. ದಣಿವಾಯ್ತು ಅಂತಲ್ಲ. ನೀವು ಕೂತಿದ್ದೆ ಅಂತೀರಲ್ಲ, ಅದೇ ಬೆಂಚಲ್ಲಿ ಕೂತಿರಿ, ಮೇಲಿಂದ ಕೂಗು ಕೇಳಿಸಿದ್ರೆ ಸೀಟಿ ಊದಿ ಅಂದಿದ್ದೆ. ಅವರಿಗೆ ಒಂದು ಕಿವಿ ಮಂದ. ಆದ್ರೂ ಕೇಳಿಸ್ತು."

ಆತ ಒಂದು ಹೆಜ್ಜೆ ಹಿಂದೆ ಸರಿದ.

"ಬನ್ನಿ, ಕೂತ್ಕೊಳ್ಳಿ. ನಿಂತು ಸುಳ್ಳು ಹೇಳೋದು ಕಷ್ಟ. ಆರನೇ ಮೆಟ್ಟಿಲು ಸಡಿಲ ಅಂತ ಯಾರು ಹೇಳಿದ್ರು ನಿಮಗೆ?"

"ಯಾವ ಮೆಟ್ಟಿಲು?"

"ಈಗಷ್ಟೇ ದಾಟ್ಕೊಂಡು ಬಂದ್ರಲ್ಲ, ಅದು."

ಆತ ಕೂರಲಿಲ್ಲ. ಬೆಂಚಿನ ಬೆನ್ನು ಹಿಡಿದುಕೊಂಡು ನಿಂತ. ಇನ್‌ಸ್ಪೆಕ್ಟರಮ್ಮ ಕಾದರು. ಅವರಿಗೆ ಕಾಯುವುದು ಬರುತ್ತಿತ್ತು.

"ಹತ್ತಿದ್ದೆ," ಎಂದ ಕೊನೆಗೆ. "ಅವತ್ತು ಹತ್ತಿದ್ದೆ. ಪೂರ್ತಿ ಅಲ್ಲ. ಆ ಮೆಟ್ಟಿಲು ವಾಲ್ತು, ಕಂಬಿ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ."

"ತಲೆಸುತ್ತೋ ಮನುಷ್ಯ ಯಾಕೆ ಹತ್ತಿದ್ರಿ?"

"ಅವಳ ಹಿಂದೆ."

"ಅದು ಗೊತ್ತಾಯ್ತು. ಯಾಕೆ?"

ಆತ ನೆಲ ನೋಡಿಕೊಂಡೇ ಹೇಳಿದ. "ಎರಡು ತಿಂಗಳಿಂದ ಫೋನು ಬಂದ್ರೆ ಹಿತ್ತಲಿಗೆ ಹೋಗಿ ಮಾತಾಡ್ತಿದ್ಲು. ನಾನು ಹೋದ್ರೆ ಇಟ್ಟುಬಿಡ್ತಿದ್ಲು. ಕೇಳಿದ್ರೆ ಆಫೀಸಿಂದು ಅಂತಿದ್ಲು. ಭಾನುವಾರ ಗುಡ್ಡ ಹತ್ತೋಣ ಅಂದಾಗ ಖುಷಿಯಾಯ್ತು ನನಗೆ, ಎಷ್ಟೋ ದಿನದ ಮೇಲೆ ಇಬ್ರೂ ಹೊರಗೆ ಹೋಗೋದು ಅಂತ. ಶೆಡ್ಡಿಗೆ ಬಂದ ಮೇಲೆ ನೀವಿಲ್ಲೇ ಇರಿ, ನಿಮಗೆ ಆಗಲ್ಲ ಅಂದ್ಲು. ಅವಳ ಬ್ಯಾಗಲ್ಲಿ ಫೋನು ಮಿಣುಕ್ತಿತ್ತು. ಮೇಲೆ ಯಾರೋ ಕಾಯ್ತಿದಾರೆ ಅನ್ನಿಸ್ತು."

"ಯಾರೋ ಗಂಡಸು ಅಂತ."

ಆತ ತಲೆಯಾಡಿಸಿದ. ಕಿವಿಯ ಅಂಚು ಕೆಂಪಾಗಿತ್ತು.

"ಹತ್ತು ನಿಮಿಷ ಬಿಟ್ಟು ಹೋದೆ. ಏಣಿ ಮೇಲೆ ನಿಂತಾಗ ಮಾತು ಕೇಳಿಸ್ತು. ಗಂಡಸಲ್ಲ. ಅವಳು ಅಕ್ಕಾ ಅಂತಿದ್ಲು." ಆತ ನಕ್ಕಂತೆ ಮಾಡಿದ, ಆದರೆ ನಗು ಬರಲಿಲ್ಲ. "ಮೇಡಂ, ನಂಬಿ ಬಿಡಿ, ಆ ಕ್ಷಣ ನನಗೆ ದೇವರು ಕಂಡಂಗಾಯ್ತು. ನನ್ನ ಮೇಲೆ ನನಗೇ ಹೇಸಿಗೆ ಆಯ್ತು. ಸದ್ದಿಲ್ದೆ ಇಳಿದು ಹೋಗಿ ಬೆಂಚಲ್ಲಿ ಕೂತೆ. ಅವಳು ಬರೋ ಹೊತ್ತಿಗೆ ಏನೂ ಆಗಿಲ್ಲದ ಮುಖ ಮಾಡ್ಕೋಬೇಕು ಅಂತ ಕಾಯ್ತಾ ಇದ್ದೆ."

"ಆಮೇಲೆ ಕೂಗು ಕೇಳಿಸ್ತು."

ಹಳದಿ ಪಟ್ಟಿ ಬಡಿದುಕೊಳ್ಳುತ್ತಲೇ ಇತ್ತು.

"ಕೇಳಿಸ್ತು. ಎದ್ದು ನಿಂತೆ. ನಾಲ್ಕು ಹೆಜ್ಜೆ ಹೋದೆ. ಅಕ್ಕ ತಂಗಿ ಏನೋ ಜಗಳ ಆಡ್ತಿರಬೇಕು ಅಂದ್ಕೊಂಡೆ. ಈಗ ಓಡಿ ಹೋದ್ರೆ, ಇಷ್ಟು ಬೇಗ ಹೇಗೆ ಬಂದ್ರಿ, ಹಿಂಬಾಲಿಸ್ತಿದ್ರಾ ಅಂತಾಳೆ ಅಂತ..." ಆತ ಕನ್ನಡಕವನ್ನು ಮತ್ತೆ ತೆಗೆದ. ಈ ಸಲ ಒರೆಸಲು ಕಾರಣವಿತ್ತು. "ವಾಪಸ್ ಬಂದು ಕೂತೆ. ಮುಕ್ಕಾಲು ಗಂಟೆ ಕೂತಿದ್ದೆ ಮೇಡಂ. ಇದನ್ನ ಯಾರಿಗೆ ಹೇಳ್ಲಿ? ಹೆಂಡತಿ ಕೂಗಿದ್ದು ಕೇಳಿಸ್ಕೊಂಡೂ ಕೂತಿದ್ದೋನು ಅಂತ ಹೇಗೆ ಬರೆಸ್ಲಿ?"

ಇನ್‌ಸ್ಪೆಕ್ಟರಮ್ಮನಿಗೆ ಒಂದು ಕ್ಷಣ ಮರುಕ ಹುಟ್ಟಿತು. ಮೂವತ್ತು ವರ್ಷದ ನೌಕರಿಯಲ್ಲಿ ಕೊಲೆಗಾರರು ಅತ್ತಿದ್ದನ್ನೂ ನೋಡಿದ್ದರು, ನಾಚಿಕೆಗೆ ಅಳುವವರನ್ನೂ ನೋಡಿದ್ದರು. ಎರಡಕ್ಕೂ ಕಣ್ಣೀರಿನ ಬಣ್ಣ ಒಂದೇ. ಮರುಕವನ್ನು ಅವರು ಪಕ್ಕಕ್ಕಿಟ್ಟರು.

"ಯಾವ ಅಕ್ಕ?"

"ಅಂದ್ರೆ?"

"ಲ್ಯಾಬಿನ ಮುಖ್ಯಸ್ಥೆಯನ್ನೂ ಅಲ್ಲಿ ಎಲ್ಲರೂ ಅಕ್ಕ ಅಂತಲೇ ಕರೀತಾರೆ. ಹೋದ ವಾರ ನಾನು ಹೋಗಿದ್ದೆ. ಜವಾನನಿಂದ ಹಿಡಿದು ಗುಮಾಸ್ತನವರೆಗೂ ಅಕ್ಕ, ಅಕ್ಕ. ನಿಮ್ಮ ಹೆಂಡತಿ ಬರೆದ ಎರಡು ವರದೀನ ಆಕೆ ಮೇಲಿನವರಿಗೆ ಕಳಿಸಿಲ್ಲ. ಹಾಗಾಗಿ ಕೇಳ್ತಿದೀನಿ. ಇಲ್ಲಿ ನಿಂತಿದ್ದು ಒಡಹುಟ್ಟಿದ ಅಕ್ಕನಾ, ಆಫೀಸಿನ ಅಕ್ಕನಾ?"

ಆತ ದಿಗ್ಭ್ರಮೆಯಿಂದ ನೋಡಿದ. "ನಾನು... ನಮ್ಮ ಅತ್ತಿಗೆ ಅಂತಲೇ ತಿಳ್ಕೊಂಡೆ."

"ಆ ಹೆಂಗಸಿನ ದನಿ ಕೇಳಿದ್ರಾ?"

"ಇಲ್ಲ. ಗಾಳಿ ಇತ್ತು. ಅವಳ ದನಿ ಮಾತ್ರ. ಅವಳದು ಸ್ವಲ್ಪ ಎತ್ತರದ ದನಿ."

"ಏನಂದ್ಲು, ಅಕ್ಷರ ಬಿಡದೆ ಹೇಳಿ."

"ಅಕ್ಕಾ, ಇದು ಮೊದಲೇ ಗೊತ್ತಿತ್ತಾ ಅಂತ."

"ಬರೀ ಗೊತ್ತಿತ್ತಾ ಅಂತನಾ? ಯಾರಿಗೆ ಅಂತ ಅಂದಿರಬೇಕಲ್ಲ. ನಿಂಗೆ ಅಂದಳಾ, ನಿಮಗೆ ಅಂದಳಾ?"

ಪ್ರಶ್ನೆ ಅರ್ಥವಾಗಲು ಆತನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ಮುಚ್ಚಿಕೊಂಡ. ತುಟಿ ಸದ್ದಿಲ್ಲದೆ ಆಡಿತು, ಮರೆತ ಪಾಠ ಒಪ್ಪಿಸುವವನಂತೆ. ಆಫೀಸಿನಲ್ಲಿ ಮೇಲಿನವರಿಗೆ ಯಾರೂ ನಿಂಗೆ ಅನ್ನುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕನಿಗೆ ಯಾರೂ ನಿಮಗೆ ಅನ್ನುವುದಿಲ್ಲ.

"ನಿಂಗೆ," ಎಂದ. "ಅಕ್ಕಾ, ಇದು ನಿಂಗೆ ಮೊದಲೇ ಗೊತ್ತಿತ್ತಾ. ಹಾಗೇ ಅಂದಿದ್ದು."

ಇನ್‌ಸ್ಪೆಕ್ಟರಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಸಾಲನ್ನು ಹಾಗೆಯೇ ಬರೆದುಕೊಂಡರು. ಬರೆಯುತ್ತಿರುವಾಗ ಠಾಣೆಯ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅಕ್ಕ ಎದುರಿಗೆ ಕೂತಿದ್ದಳು. ಅಗಲವಾದ ಹಣೆ, ಗಟ್ಟಿ ಮಣಿಕಟ್ಟು, ಉಗುರಿನ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ನೇರಳೆ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿದ್ದೇ ತಾನು ಎಂದಿದ್ದಳು. ಅವಳು ಸಾಯುವ ಹೊತ್ತಿಗೆ ನಾನು ಕಾರ್ಖಾನೆಯಲ್ಲಿದ್ದೆ, ಬೇಕಾದರೆ ಹಾಜರಿ ನೋಡಿ ಎಂದೂ ಕೇಳದೆಯೇ ಹೇಳಿದ್ದಳು. ಆಗ ಅದು ದುಃಖದ ಮಾತಿನಂತೆ ಕೇಳಿಸಿತ್ತು.

ಕಾರ್ಖಾನೆಯಿಂದ ದೋಣಿ ಕಟ್ಟೆಗೆ ನೀರಿನ ಮೇಲೆ ಹತ್ತು ನಿಮಿಷ. ಕಟ್ಟೆಯಿಂದ ಕಳ್ಳ ಕಾಲುದಾರಿಯಲ್ಲಿ ಇಲ್ಲಿಗೆ ಇನ್ನು ಇಪ್ಪತ್ತು.

ಲೆಕ್ಕ ಕೂಡಿ ಬರುತ್ತಿತ್ತು. ತೀರಾ ಚೆನ್ನಾಗಿ ಕೂಡಿ ಬರುತ್ತಿತ್ತು. ಒಬ್ಬ ಮನುಷ್ಯ ಹದಿಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು, ಒಂದೇ ಬೆಳಿಗ್ಗೆ ಬೀಗವನ್ನೂ ಬೀಗದ ಕೈಯನ್ನೂ ತಂದು ಕೈಗಿಟ್ಟರೆ ಇನ್‌ಸ್ಪೆಕ್ಟರಮ್ಮನಿಗೆ ಒಳಗೆಲ್ಲೋ ಕಸಿವಿಸಿಯಾಗುತ್ತಿತ್ತು.

"ಅತ್ತಿಗೆ ಹತ್ರ ಇದನ್ನ ಕೇಳಿದ್ರಾ?"

"ಇಲ್ಲ. ಅವತ್ತಿಂದ ನಮಗೂ ಆ ಮನೆಗೂ ಮಾತಿಲ್ಲ. ಮಣ್ಣು ಮಾಡುವಾಗ್ಲೂ ನನ್ನ ಮುಖ ನೋಡ್ಲಿಲ್ಲ ಅವರು. ಕೊಲೆಗಾರ ಅಂತ ನಾಲ್ಕು ಜನರ ಮುಂದೆ ಅಂದವರನ್ನ ಹೇಗೆ ಮಾತಾಡಿಸ್ಲಿ?"

"ಫೋನು?"

"ಇಲ್ಲ."

"ಇವತ್ತು ಇಲ್ಲಿಗೆ ಬರೋ ವಿಷಯ?"

"ಯಾರಿಗೂ ಹೇಳಿಲ್ಲ. ಹೇಳೋಕೆ ಮನೇಲಿ ಇನ್ಯಾರಿದಾರೆ?"

ಇನ್‌ಸ್ಪೆಕ್ಟರಮ್ಮ ಪುಸ್ತಕ ಮುಚ್ಚಿದರು.

ಸತ್ತವಳ ದೇಹ ಮೂರನೇ ದಿನ ಪಂಪ್‌ಹೌಸಿನ ಜಾಲರಿಗೆ ಸಿಕ್ಕಿಕೊಂಡಿತ್ತು. ಅವಳ ನೀಲಿ ಬ್ಯಾಗು ಮಾತ್ರ ಸಿಕ್ಕಿರಲಿಲ್ಲ. ಅದರಲ್ಲಿ ನೀರಿನ ಬಾಟಲಿಗಳೂ, ದಿನಾಂಕ ಹಾಕಿ ಬರೆದ ನೋಟ್‌ಬುಕ್ಕೂ, ಫೋನೂ ಇದ್ದವೆಂದು ಲ್ಯಾಬಿನವರು ಹೇಳಿದ್ದರು. ಮುಳುಗುಗಾರರು ಎರಡು ದಿನ ಹುಡುಕಿ ಕೈಚೆಲ್ಲಿದ್ದರು. ಎಲ್ಲಿ ಬಿದ್ದಿರಬಹುದೆಂದು ಮೇಲಿಂದ ಒಮ್ಮೆ ಅಂದಾಜು ಮಾಡಿ ನೋಡುವುದು ಇನ್‌ಸ್ಪೆಕ್ಟರಮ್ಮನ ಇವತ್ತಿನ ಇನ್ನೊಂದು ಕೆಲಸವಾಗಿತ್ತು.

ಹೆಗಲ ಚೀಲದಿಂದ ಠಾಣೆಯ ಹಳೆಯ ದುರ್ಬೀನು ತೆಗೆದರು. ನಿಂತು ನೋಡಿದರೆ ಗಾಳಿಗೆ ಕೈ ಅಲುಗಾಡುತ್ತಿತ್ತು. ಮಂಡಿಯನ್ನು ಶಪಿಸಿಕೊಂಡು ನೆಲಕ್ಕೆ ಕೂತರು. ಮೊಣಕೈಗಳನ್ನು ಗಿಡ್ಡ ಗೋಡೆಯ ಅಂಚಿಗೆ ಊರಿ, ಕೆಳಗಿನ ಕಂಬಿಯ ಅಡಿಯಿಂದ ನೋಡತೊಡಗಿದರು.

"ನಾನು ಸ್ವಲ್ಪ ಮುಂದೆ ಬರ್ಲಾ ಮೇಡಂ?" ಎಂದ ಆತ. "ಅವಳು ಕೊನೇದಾಗಿ ನೋಡಿದ್ದು ಇದನ್ನೇ ಅಲ್ವಾ."

"ಬನ್ನಿ. ಕಂಬಿ ಹಿಡ್ಕೊಳ್ಳಿ."

ಆತನ ಶೂ ಅವರ ಪಕ್ಕಕ್ಕೆ ಬಂದು ನಿಂತವು.

ದುರ್ಬೀನಿನ ವೃತ್ತದೊಳಗೆ ಮೊದಲು ಬಂಡೆಯ ಬುಡ, ಆಮೇಲೆ ಹಸಿರು ನೀರು, ಆಮೇಲೆ ಹಳದಿ.

ದೋಣಿ.

ಲ್ಯಾಬಿನ ದೋಣಿ. ಹದಿಮೂರು ದಿನದಿಂದ ಅದಕ್ಕೆ ಸರಪಳಿ ಬಿಗಿದು ಬೀಗ ಹಾಕಿತ್ತು. ಬೀಗದ ಕೈ ಠಾಣೆಯಲ್ಲಿತ್ತು. ಈಗ, ಬೀಗ ಒಡೆದೋ ಏನೋ, ಅದು ಕೆರೆಯ ನಡುವೆ ನಿಂತಿತ್ತು. ಒಳಗೆ ಒಬ್ಬಳೇ ಹೆಂಗಸು. ಬೆನ್ನು ಈ ಕಡೆ. ಬಗ್ಗಿ, ನೀರಿನೊಳಗಿನಿಂದ ಹಗ್ಗವೊಂದನ್ನು ಕೈ ಮೇಲೆ ಕೈ ಹಾಕಿ ಎಳೆಯುತ್ತಿದ್ದಳು.

ಇನ್‌ಸ್ಪೆಕ್ಟರಮ್ಮ ದುರ್ಬೀನಿನ ಗುಂಡಿ ತಿರುಗಿಸಿ ನೋಟ ಸರಿಪಡಿಸಿಕೊಂಡರು.

ಹಗ್ಗದ ತುದಿಯಲ್ಲಿ ನೀಲಿ ಬ್ಯಾಗು ಮೇಲೆ ಬಂತು. ನೀರು ಸುರಿಯುತ್ತಿತ್ತು. ಅದರ ಪಟ್ಟಿಗೆ ಕಲ್ಲೊಂದನ್ನು ಕಟ್ಟಿತ್ತು. ಅದು ತಾನಾಗಿ ಬಿದ್ದ ಬ್ಯಾಗಲ್ಲ, ಮತ್ತೆ ಬಂದು ತೆಗೆದುಕೊಳ್ಳಬೇಕೆಂದು ಮುಳುಗಿಸಿಟ್ಟ ಬ್ಯಾಗು. ಹೆಂಗಸು ಅದನ್ನು ದೋಣಿಯೊಳಗೆ ಹಾಕಿ, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗಿ, ತಿರುಗಿದಳು.

ಅಗಲವಾದ ಹಣೆ. ಅಕ್ಕ.

ಅವಳು ಮುಖವೆತ್ತಿ ಸೀದಾ ಗುಡ್ಡದ ತುದಿಯನ್ನು ನೋಡಿದಳು. ಗೋಡೆಯ ಮರೆಯಲ್ಲಿ ಕೂತಿದ್ದ ಇನ್‌ಸ್ಪೆಕ್ಟರಮ್ಮ ಅವಳಿಗೆ ಕಾಣುವಂತಿರಲಿಲ್ಲ. ಕಂಬಿ ಹಿಡಿದು ನಿಂತವನೊಬ್ಬ ಮಾತ್ರ ಕಾಣುತ್ತಿದ್ದ. ಸಿಕ್ಕಿಬಿದ್ದವಳಂತೆ ಅವಳು ಗಾಬರಿಯಾಗಲಿಲ್ಲ. ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಕೆಲಸ ಆಯಿತು ಎಂದು ಹೇಳುವವಳಂತೆ, ನಿಧಾನವಾಗಿ ಎರಡು ಸಲ ಬೀಸಿದಳು.

ಇನ್‌ಸ್ಪೆಕ್ಟರಮ್ಮ ಮೊಣಕೈ ಅಲುಗಿಸದೆ, ದುರ್ಬೀನಿನಿಂದ ಕಣ್ಣನ್ನಷ್ಟೇ ಸರಿಸಿ ಮೆಲ್ಲಗೆ ಮೇಲೆ ನೋಡಿದರು.

ಆ ಮನೆಗೂ ತನಗೂ ಮಾತಿಲ್ಲ ಎಂದಿದ್ದ ಕನ್ನಡಕದವನ ಬಲಗೈ ಕಂಬಿ ಬಿಟ್ಟಿತ್ತು. ಅಂಗೈ ಬಿಚ್ಚಿ, ಅವಳಿಗೆ ತಿರುಗಿ ಬೀಸಲೆಂದು ಎದೆಯ ಮಟ್ಟಕ್ಕೆ ಎದ್ದು, ಅಲ್ಲಿಗೇ ತಡೆದು ನಿಂತಿತ್ತು.